ಡೆತ್: ಡೆಟ್ರಾಯಿಟ್‌ನ ಮೂವರು ಸೋದರರು

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 1971ರಲ್ಲಿ ಹ್ಯಾಕ್ನಿ ಮನೆತನದ ಮೂವರು ಕಪ್ಪು ಸೋದರರು ಕಟ್ಟಿದ ರಾಕ್ ತಂಡ ಡೆತ್. ಡೇವಿಡ್ ಗಿಟಾರ್ ನುಡಿಸುತ್ತಿದ್ದರು, ಬಾಬಿ ಬೇಸ್ ನುಡಿಸುತ್ತ ಹಾಡುತ್ತಿದ್ದರು, ಡ್ಯಾನಿಸ್ ಡ್ರಮ್ಸ್ ಬಾರಿಸುತ್ತಿದ್ದರು. ತಾಲೀಮು ನಡೆದದ್ದು ಮನೆಯ ಮಲಗುವ ಕೋಣೆಯಲ್ಲಿ. ಮೊದಲು ಫಂಕ್ ನುಡಿಸುತ್ತಿದ್ದ ಇವರು ದಿ ಹೂ, ಆಲಿಸ್ ಕೂಪರ್ ಅವರ ಕಛೇರಿಗಳನ್ನು ಕಂಡ ಮೇಲೆ ಬಿರುಸಿನ ರಾಕ್‌ಗೆ ಹೊರಳಿದರು.

1975ರಲ್ಲಿ ಯುನೈಟೆಡ್ ಸೌಂಡ್ ಸ್ಟುಡಿಯೋದಲ್ಲಿ ಏಳು ಹಾಡುಗಳ ಧ್ವನಿಮುದ್ರಣವಾಯಿತು. ಪಂಕ್ ಎಂದು ಮುಂದೆ ಹೆಸರಾದ ಸಂಗೀತದ ವೇಗ, ಸಿಟ್ಟು ಎರಡೂ ಅವುಗಳಲ್ಲಿವೆ. ಪಂಕ್‌ನ ಮೊದಲಿಗರೆಂದು ಹೆಸರಾದ ರಮೋನ್ಸ್ ತಂಡದ ಮೊದಲ ಆಲ್ಬಂ ಬಂದದ್ದು ಮರುವರ್ಷ. ಉದ್ಯಮದ ದೊಡ್ಡ ಕುಳ ಕ್ಲೈವ್ ಡೇವಿಸ್ ಆಸಕ್ತಿ ತೋರಿದರೂ ತಂಡದ ಹೆಸರು ಬದಲಿಸಬೇಕೆಂದರು. ತಂದೆಯನ್ನು ಅಪಘಾತದಲ್ಲಿ ಕಳೆದುಕೊಂಡಿದ್ದ ಡೇವಿಡ್‌ಗೆ ಸಾವನ್ನು ಭಯವಿಲ್ಲದೆ ನೋಡುವುದೇ ಆ ಹೆಸರಿನ ಉದ್ದೇಶ. ಅವರು ಒಪ್ಪಲಿಲ್ಲ, ಒಪ್ಪಂದ ಮುರಿಯಿತು.

1976ರಲ್ಲಿ ಸೋದರರು ಸ್ವಂತ ಟ್ರೈಆಂಗಲ್ ಲೇಬಲ್‌ನಲ್ಲಿ ‘ಪೊಲಿಟಿಷಿಯನ್ಸ್ ಇನ್ ಮೈ ಐಸ್’ ಹಾಡಿನ 500 ಪ್ರತಿಗಳನ್ನಷ್ಟೇ ಹೊರತಂದರು. ಕಪ್ಪು ಕಲಾವಿದರೆಂದರೆ ಸೋಲ್, ಫಂಕ್ ಎಂದೇ ಭಾವಿಸಿದ್ದ ಆ ಕಾಲದ ರೇಡಿಯೋದಲ್ಲಿ ಇದಕ್ಕೆ ಜಾಗ ಸಿಗಲಿಲ್ಲ. 1977ರಲ್ಲಿ ತಂಡ ನಿಂತಿತು. ಮೂಲ ಟೇಪುಗಳನ್ನು ಜೋಪಾನ ಮಾಡಲು ಬಾಬಿಗೆ ಒಪ್ಪಿಸಿದ ಡೇವಿಡ್ 2000ದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು.

ಹಳೆಯ ರೆಕಾರ್ಡು ಸಂಗ್ರಾಹಕರ ಕೈಗೆ ಸಿಕ್ಕಿ, ಬಾಬಿಯ ಮಕ್ಕಳ ಕಿವಿಗೂ ಬಿತ್ತು. 2009ರಲ್ಲಿ ಡ್ರ್ಯಾಗ್ ಸಿಟಿ ಸಂಸ್ಥೆ ಆ ಏಳೂ ಹಾಡುಗಳನ್ನು ಆಲ್ಬಂ ಆಗಿ ಬಿಡುಗಡೆ ಮಾಡಿತು. ಬಾಬಿ, ಡ್ಯಾನಿಸ್ ಹೊಸ ಗಿಟಾರ್ ವಾದಕರೊಡನೆ ಮತ್ತೆ ವೇದಿಕೆ ಏರಿದರು.