ಒಂದು ರಾತ್ರಿ, ಮೂರು ತಾರೀಖು

1792ರ ಫೆಬ್ರವರಿ 6, ಸೋಮವಾರ. ಈಗ ಪಾಂಡವಪುರ ಎನ್ನುವ ಹಿರೋಡೆಯ ಬಳಿಯಿಂದ ಇಂಗ್ಲಿಷ್ ದಂಡನಾಯಕ ಕಾರ್ನ್‌ವಾಲಿಸನ ದಂಡು ಮೂರು ಸಾಲಾಗಿ, ಬೆಳದಿಂಗಳಲ್ಲಿ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಕಡೆ ಹೊರಟಿತು. ಕಾದಾಟ ಬೆಳಗಿನವರೆಗೂ ನಡೆಯಿತು. ಇಂಗ್ಲಿಷ್ ದಿನಚರಿಕಾರನಿಗೆ ನಡುರಾತ್ರಿ ದಾಟಿದೊಡನೆ ತಾರೀಖು 7. ಪಂಚಾಂಗ ಹಿಡಿದ ಶಾನುಭೋಗನಿಗೆ ಹೊತ್ತು ಹುಟ್ಟುವವರೆಗೂ ಸೋಮವಾರವೇ. ಹಿಜರಿ ಲೆಕ್ಕದ ಮುನ್ಷಿಗೆ ಆ ಸಂಜೆ ಹೊತ್ತು ಮುಳುಗಿದಾಗಲೇ ಮಂಗಳವಾರ ಶುರುವಾಗಿತ್ತು. ಮೂವರೂ ಸುಳ್ಳು ಹೇಳಿಲ್ಲ. ಆದರೆ ಮೂವರ ಕಾಗದಗಳನ್ನು ಇನ್ನೂರು ವರ್ಷದ ಮೇಲೆ ಒಂದೇ ಮೇಜಿನ ಮೇಲೆ ಹರಡಿದವನಿಗೆ ಒಂದು ದಾಳಿ ಎರಡಾಗಿ ಕಾಣುತ್ತದೆ.

ಮೈಸೂರು ಯುದ್ಧಗಳಲ್ಲಿ ಯಾವ ದಂಡು ಯಾವತ್ತು ಎಲ್ಲಿತ್ತು ಎಂಬ ವಿಚಾರಣೆ ಯುದ್ಧ ಮುಗಿಯುವ ಮೊದಲೇ ಶುರುವಾಯಿತೆನ್ನಬಹುದು. ಅಲೆಕ್ಸಾಂಡರ್ ಡೈರಂನ ವೃತ್ತಾಂತ 1793ರಲ್ಲಿ, ಎಡ್ವರ್ಡ್ ಮೂರ್‌ನದು 1794ರಲ್ಲಿ, ಕೊನೆಯ ಯುದ್ಧದ ಬಗ್ಗೆ ಬೀಟ್ಸನ್‌ನದು 1800ರಲ್ಲಿ ಅಚ್ಚಾದವು. ಮೂವರೂ ದಂಡಿನೊಡನೆ ನಡೆದವರು. ಬಿಡಾರದಿಂದ ಬಿಡಾರಕ್ಕೆ ಲೆಕ್ಕವಿಟ್ಟವರು. ಅವರನ್ನು ನಂಬಬೇಕಾದದ್ದು ಈ ನಡಿಗೆಯ ಲೆಕ್ಕದಲ್ಲಿ. ಎದುರಾಳಿ ಎಷ್ಟಿದ್ದ, ಎಷ್ಟು ಜನ ಸತ್ತರು ಎಂಬಲ್ಲಿ ಅಷ್ಟು ನಂಬಬೇಕಿಲ್ಲ. ಇನ್ನು ರಾತ್ರಿಯ ನಡಿಗೆ ಬಂದಲ್ಲೆಲ್ಲ ತಾರೀಖು ಅಲುಗಾಡುತ್ತದೆ. ಅರಕೆರೆಯ ಕಾಳಗಕ್ಕೆ ದಂಡು ಹೊರಟದ್ದು 1791ರ ಮೇ 14ರ ರಾತ್ರಿ, ಗುಡುಗು ಮಳೆಗೆ ಸಿಕ್ಕಿ ತಡವಾಗಿ ಕಾದಿದ್ದು 15ರಂದು. 1799ರಲ್ಲಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ವೆಲ್ಲೆಸ್ಲಿ ಸೋತದ್ದು ಏಪ್ರಿಲ್ 5ರ ರಾತ್ರಿ, ಅದೇ ತೋಪು ಅವನ ವಶವಾದದ್ದು 6ರ ಬೆಳಿಗ್ಗೆ. ಸೋಲನ್ನು ಮರೆಸಬೇಕೆಂದವರಿಗೆ ಎರಡನೆಯ ತಾರೀಖೊಂದೇ ಸಾಕು.

1810ರಿಂದ 1817ರವರೆಗೆ ಮೂರು ಸಂಪುಟ ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದವನು. ಹೈದರ್–ಟಿಪ್ಪು ಕಾಲದ ಅಧಿಕಾರಿಗಳು ಆಗಿನ್ನೂ ಬದುಕಿದ್ದರು. ಅವನ ಕಥನ ಅಷ್ಟು ಗಟ್ಟಿಯಾಗಿದೆ ಎಂದೇ ಮುಂದಿನ ನೂರು ವರ್ಷ ಬಹುಪಾಲು ಜನ ಅವನ ತಾರೀಖುಗಳನ್ನು ಹಾಗೆಯೇ ಎತ್ತಿಕೊಂಡರು. ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ತಿರುವು ವಿಲ್ಕ್ಸ್ ಅಲ್ಲ, 1811ರಲ್ಲಿ ಟಿಪ್ಪುವಿನ ಪತ್ರಗಳನ್ನು ಇಂಗ್ಲಿಷಿಗೆ ತಂದ ವಿಲಿಯಂ ಕರ್ಕ್‌ಪ್ಯಾಟ್ರಿಕ್. ಟಿಪ್ಪುವನ್ನು ಅವನು ಕಟುವಾಗಿ ದ್ವೇಷಿಸುತ್ತಿದ್ದ. ಟಿಪ್ಪಣಿಗಳಲ್ಲಿ ಆ ವಿಷ ಎದ್ದು ಕಾಣುತ್ತದೆ. ಆದರೂ ಪತ್ರಗಳ ತಾರೀಖು ಬಿಡಿಸಲು ಅವನು ಸುಲ್ತಾನನ ಪಂಚಾಂಗವನ್ನೇ ಕೂತು ಅಭ್ಯಾಸ ಮಾಡಬೇಕಾಯಿತು. ಟಿಪ್ಪು ಹಿಜರಿಯನ್ನು ಬದಿಗಿಟ್ಟು ಮೌಲೂದಿ ಎಂಬ ಶಕೆ ತಂದಿದ್ದ. ತಿಂಗಳುಗಳಿಗೆ ಅಹಮದಿ, ಬಹಾರಿ, ಜಾಫರಿ ಎಂದು ಹೊಸ ಹೆಸರು. ಒಳಗಿನ ಚೌಕಟ್ಟು ಮಾತ್ರ ನಮ್ಮ ಚಾಂದ್ರಮಾನದ್ದೇ: ಅರವತ್ತು ಸಂವತ್ಸರ, ಚೈತ್ರದ ಜಾಗದಲ್ಲಿ ಅಹಮದಿ. ಸಾಲದ್ದಕ್ಕೆ ಈ ಶಕೆಯ ನಾಣ್ಯಗಳ ಮೇಲೆ ವರ್ಷವನ್ನು ಬಲದಿಂದ ಎಡಕ್ಕೆ ಓದಬೇಕು. ಇದು ತಿಳಿಯದವನು ಟಿಪ್ಪುವಿನ ಒಂದು ಹುಕುಮನ್ನು ಹಿಜರಿ ಎಂದು ಓದಿದರೆ ಹದಿಮೂರು ಹದಿನಾಲ್ಕು ವರ್ಷ ತಪ್ಪುತ್ತಾನೆ.

ವರ್ಷವೇ ಜಾರುವ ಇನ್ನೊಂದು ಬಗೆಗೆ ಪಾಂಡವಪುರ ತಾಲ್ಲೂಕಿನ ಚಿನಕುರಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮೇಲುಕೋಟೆಯಿಂದ ರಾಜಧಾನಿಗೆ ಹಿಂದಿರುಗುತ್ತಿದ್ದ ಹೈದರನನ್ನು ತ್ರ್ಯಂಬಕರಾವ್ ಪೇಠೆಯ ಮರಾಠಾ ದಂಡು ಅಲ್ಲಿ ನುಚ್ಚುನೂರು ಮಾಡಿದ್ದು 1771ರ ಮಾರ್ಚ್ 5ರಂದು. ಪಂಚಾಂಗದಲ್ಲಿ ಅದು ವಿಕೃತಿ ಸಂವತ್ಸರದ ಫಾಲ್ಗುಣ. ವಿಕೃತಿ ಶುರುವಾಗುವುದು 1770ರ ಚೈತ್ರದಲ್ಲಿ. ‘ವಿಕೃತಿ ಎಂದರೆ 1770’ ಎಂದು ಬರೆದಿಟ್ಟುಕೊಂಡವನು ಕಾಳಗವನ್ನು ಒಂದು ವರ್ಷ ಹಿಂದಕ್ಕೆ ತಳ್ಳುತ್ತಾನೆ. ಪೇಶ್ವೆಯ ದಫ್ತರದ ಶುಹೂರ್ ಸನ್ ಬೇರೆ ಜೂನ್ ಮೊದಲ ವಾರ, ಮೃಗಶಿರಾ ಮಳೆಗೆ ಬದಲಾಗುತ್ತದೆ. ವರ್ಷ ಅರಬ್ಬಿ ಸಂಖ್ಯಾವಾಚಕಗಳಲ್ಲಿ, ತಿಂಗಳು ಮುಸಲ್ಮಾನರದು, ಒಕ್ಕಣೆ ಮರಾಠಿ, ಲಿಪಿ ಮೋಡಿ. ಈ ಕಾಗದಗಳು ಅಚ್ಚಿಗೆ ಬಂದದ್ದು ತಡವಾಗಿ: ಮರಾಠಾ ಸರದಾರರಾದ ಪಟವರ್ಧನರ ಪತ್ರಗಳನ್ನು ವಾಸುದೇವ ವಾಮನ ಖರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರಕಟಿಸತೊಡಗಿದರು, ಪೇಶ್ವಾ ದಫ್ತರದ ಆಯ್ಕೆಗಳನ್ನು ಸರದೇಸಾಯಿ 1930ರ ದಶಕದಲ್ಲಿ ತಂದರು. ಅಲ್ಲಿಯವರೆಗೆ ಮರಾಠಾ ದಂಡಿನ ಚಲನೆಯನ್ನೂ ಇಂಗ್ಲಿಷರ ಬಾಯಿಂದಲೇ ಕೇಳಬೇಕಿತ್ತು.

ಈ ಎಲ್ಲ ಲೆಕ್ಕಗಳಿಗೂ ಒಂದು ಸಾಮಾನ್ಯ ತಕ್ಕಡಿ ಕೊಟ್ಟವರು ಮದರಾಸಿನ ಎಲ್. ಡಿ. ಸ್ವಾಮಿಕಣ್ಣು ಪಿಳ್ಳೈ. 1922ರ ಅವರ ‘ಇಂಡಿಯನ್ ಎಫಿಮೆರಿಸ್’ ಕ್ರಿ.ಶ. 700ರಿಂದ 1799ರವರೆಗಿನ ದಿನದಿನದ ತಿಥಿವಾರಗಳನ್ನು ಕೊಡುತ್ತದೆ. ಶ್ರೀರಂಗಪಟ್ಟಣ ಬಿದ್ದ ವರ್ಷಕ್ಕೇ ಅದು ನಿಲ್ಲುವುದು ಕಾಕತಾಳೀಯ, ನಮಗಂತೂ ಅನುಕೂಲ. ಅದರಿಂದ ಬಂದ ದೊಡ್ಡ ಲಾಭವೆಂದರೆ ವಾರದ ಸಾಕ್ಷ್ಯ. ತಾರೀಖು ನಕಲಿಸುವಾಗ ತಪ್ಪುತ್ತದೆ, ವಾರ ಅಷ್ಟು ಸುಲಭವಾಗಿ ತಪ್ಪುವುದಿಲ್ಲ. ತಿಥಿಯೂ ವಾರವೂ ಕೂಡಿಬಂದರೆ ದಿನ ಸಿಕ್ಕಿತೆಂದೇ ಲೆಕ್ಕ.

ಆದರೆ ತಾರೀಖುಗಳೆಲ್ಲ ಸರಿಹೋದ ಮೇಲೂ ಉಳಿಯುವ ತೊಡಕಿದೆ. 1791ರ ಮೇ ತಿಂಗಳ ಕನ್ನಂಬಾಡಿ ಅಂಥದ್ದು. ಕಾರ್ನ್‌ವಾಲಿಸ್ ಕಾವೇರಿ ದಾಟಿ ಪಿರಿಯಾಪಟ್ಟಣದ ಕಡೆಯ ಅಬರ್‌ಕ್ರಾಂಬಿಯ ದಂಡನ್ನು ಕೂಡಿಕೊಳ್ಳಲು ಅಲ್ಲಿಗೆ ಬಂದ. ದನಗಳು ಸಾಯುತ್ತಿದ್ದವು, ದವಸ ಮುಗಿದಿತ್ತು. 22ರಂದು ಕೋಟೆ ಒಡೆಯುವ ಭಾರಿ ತೋಪುಗಳನ್ನು ಅಲ್ಲೇ ಹಾಳುಗೆಡವಿ, 26ರಂದು ಹಿಂದಕ್ಕೆ ಹೊರಟ. ಅದೇ ದಿನ ದಾರಿಯಲ್ಲಿ ಕುದುರೆ ದಂಡೊಂದು ಎದುರಾಯಿತು. ಟಿಪ್ಪುವಿನದೆಂದು ಮೊದಲು ಹೆದರಿದರು, ನೋಡಿದರೆ ಇಂಗ್ಲಿಷರ ಜೊತೆಗೂಡಿದ್ದ ಮರಾಠರು. ಹರಿಪಂತ ಮತ್ತು ಪರಶುರಾಮಭಾವು ಪಟವರ್ಧನ ಮೇಲುಕೋಟೆಯ ಕಡೆಯಿಂದ ಬರುತ್ತಿದ್ದರು. ಟಿಪ್ಪುವಿನ ಸವಾರರು ಹರಿಕಾರರನ್ನು ತಡೆದು ಎರಡು ದಂಡುಗಳ ನಡುವೆ ಸುದ್ದಿಯೇ ಹಾಯದಂತೆ ಮಾಡಿದ್ದರು. ಇಲ್ಲಿ ಕೇಳಬೇಕಾದ ಪ್ರಶ್ನೆ ಮರಾಠರು ಯಾವತ್ತು ಎಲ್ಲಿದ್ದರು ಎಂಬುದೊಂದೇ ಅಲ್ಲ, ಅದು ಕಾರ್ನ್‌ವಾಲಿಸನಿಗೆ ಯಾವತ್ತು ಗೊತ್ತಾಯಿತು ಎಂಬುದೂ ಹೌದು. ಘಟನೆಯ ದಿನ ಒಂದು, ಸುದ್ದಿ ಮುಟ್ಟಿದ ದಿನ ಇನ್ನೊಂದು; ಹಳೆಯ ಬರಹಗಾರರು ಇವೆರಡನ್ನೂ ಕಲಸಿಬಿಡುತ್ತಿದ್ದರು. ನೆಲದ ಸಾಕ್ಷ್ಯ ನೋಡೋಣವೆಂದರೆ ಹಳೆಯ ಕನ್ನಂಬಾಡಿ ಕೃಷ್ಣರಾಜಸಾಗರದ ನೀರಿನಡಿ ಇದೆ. ಹೇಮಗಿರಿಯ ಬುಡದಲ್ಲಿ ಹರಿದುಬರುವ ಹೇಮಾವತಿ ಕಾವೇರಿಯನ್ನು ಸೇರುವ ಆಸುಪಾಸಿನ ಹೊಳೆಯ ಅಗಲ ಆಳಗಳೂ ಈಗ ಅಂದಿನವಲ್ಲ.

ಪರ್ಷಿಯನ್ ಆಕರಗಳನ್ನು ಇಂಗ್ಲಿಷ್, ಮರಾಠಿ ಕಾಗದಗಳ ಪಕ್ಕಕ್ಕಿಟ್ಟು ಓದುವ ಕೆಲಸವನ್ನು ಮೊಹಿಬ್ಬುಲ್ ಹಸನ್ 1951ರಲ್ಲಿ ದೊಡ್ಡ ಮಟ್ಟದಲ್ಲಿ ಮಾಡಿದರು. ಅದಕ್ಕೂ ಸ್ವಲ್ಪ ಮೊದಲು ಹಯವದನರಾಯರ ಮೈಸೂರು ಇತಿಹಾಸ ಬಂದಿತ್ತು. ಕನ್ನಡದ ‘ಹೈದರ್ ನಾಮಾ’ ಮೈಸೂರು ಪುರಾತತ್ವ ಇಲಾಖೆಯ 1930ರ ವರದಿಯ ಮೂಲಕ ವಿದ್ವಾಂಸರ ಕೈಗೆ ಸಿಕ್ಕಿತು. ಇಷ್ಟಾದರೂ ದಂಡುಗಳು ತುಳಿದುಹೋದ ಊರುಗಳವರು ಬರೆದ ಕನ್ನಡ ಕಾಗದಗಳು, ಕಡತಗಳು, ಕೈಫಿಯತ್ತುಗಳು ಈ ವಿಚಾರಣೆಯಲ್ಲಿ ಹಿಂದಿನ ಬೆಂಚಿನಲ್ಲೇ ಕುಳಿತಿವೆ. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಪರಿಷ್ಕೃತ ಆರನೆಯ ಸಂಪುಟದಲ್ಲಿವೆ; ದಂಡಿನ ಇತಿಹಾಸ ಬರೆಯುವವರು ಅದನ್ನು ತೆರೆಯುವುದು ಅಪರೂಪ.

ನಾಗಮಂಗಲದ ವಿಷಯವನ್ನೇ ತೆಗೆದುಕೊಳ್ಳಿ. ಮರಾಠರು ಊರನ್ನು 1792ರಲ್ಲಿ ಹಾಳುಮಾಡಿದರೆಂದು ಗೆಜೆಟಿಯರ್ ಹೇಳುತ್ತದೆ. ಆದರೆ ಮರಾಠಾ ದಂಡು ಈ ಸೀಮೆಯಲ್ಲಿ 1791ರ ಬೇಸಿಗೆಯಲ್ಲೂ ಇತ್ತು. ಪರಶುರಾಮಭಾವು ಆ ವರ್ಷದ ಡಿಸೆಂಬರಿನಲ್ಲಿ ಶಿವಮೊಗ್ಗೆಯ ಕಡೆ ಇದ್ದು, ಶ್ರೀರಂಗಪಟ್ಟಣಕ್ಕೆ ಬಂದದ್ದು 1792ರ ಮಾರ್ಚಿನಲ್ಲಿ, ಅಂದರೆ ಫೆಬ್ರವರಿ 24ರ ಕದನವಿರಾಮದ ಮೇಲೆ. ಗೆಜೆಟಿಯರ್ ಸರಿಯಿದ್ದರೆ ಭಾವುವಿನ ಕೈಯಿಂದ ನಾಗಮಂಗಲ ಹಾಳಾದದ್ದು ಸಂಧಿಯ ಮಾತುಕತೆ ನಡೆಯುತ್ತಿದ್ದಾಗ ಅಥವಾ ಅದಕ್ಕೂ ಆಮೇಲೆ. ಹಾಗಿಲ್ಲದಿದ್ದರೆ ವರ್ಷವೇ ತಪ್ಪು. ಭಾವುವಿನ ಜೊತೆಗಿದ್ದ ಕ್ಯಾಪ್ಟನ್ ಲಿಟಲ್‌ನ ತುಕಡಿಯ ನಡಿಗೆಯನ್ನು ಮೂರ್ ಬರೆದಿಟ್ಟಿದ್ದಾನೆ, ಪಟವರ್ಧನರ ಪತ್ರಗಳು ಖರೆಯವರಲ್ಲಿವೆ. ಇವೆರಡನ್ನೂ ಪಿಳ್ಳೈಯವರ ಪಟ್ಟಿಯ ಜೊತೆಗಿಟ್ಟು ದಿನಕ್ಕೊಂದು ಸಾಲಿನಂತೆ ಕೂಡಿಸುವುದು ಮೋಡಿ ಓದಬಲ್ಲ ಒಬ್ಬ ಕನ್ನಡ ವಿದ್ಯಾರ್ಥಿಯ ಕೈಲಾಗುವ ಕೆಲಸ.