ಓಡುವ ಚಕ್ರಕ್ಕೊಂದು ಕಾವಲು

ಬಾವಿಯಿಂದ ನೀರು ಸೇದಿದ ಅನುಭವ ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ತುಂಬಿದ ಕೊಡ ಅರ್ಧ ಮೇಲೆ ಬಂದಿದೆ. ನೀವು ಹಿಂದಕ್ಕೆ ಬಾಗಿ ಬಲವಾಗಿ ಎಳೆಯುತ್ತಿದ್ದೀರಿ. ಆಗ ಹಗ್ಗ ಪಟ್ಟೆಂದು ಹರಿಯಿತೆನ್ನಿ. ತೋಳಿನ ಬಲ ಹಾಗೆಯೇ ಇದೆ, ಅದಕ್ಕೆ ಎದುರಾಗಿದ್ದ ಭಾರ ಮಾತ್ರ ಇಲ್ಲವಾಯಿತು. ನೀವು ಹಿಂದಕ್ಕೆ ಹೋಗಿ ಬೀಳುತ್ತೀರಿ.

ವಿದ್ಯುತ್ ಕೇಂದ್ರದ ಉಗಿ ಟರ್ಬೈನಿಗೂ ಇಂಥದೇ ಗತಿ ಒದಗಬಹುದು. ಬಿಸಿ ಉಗಿ ಟರ್ಬೈನಿನ ಅಲಗುಗಳನ್ನು ತಳ್ಳುತ್ತದೆ. ಅದೇ ದಂಡಕ್ಕೆ ಜೋಡಿಸಿದ ಜನರೇಟರು ಊರಿಗೆಲ್ಲ ವಿದ್ಯುತ್ ಕಳಿಸುತ್ತ, ತಿರುಗುವುದಕ್ಕೆ ಪ್ರತಿರೋಧ ಒಡ್ಡುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಎರಡು ಧ್ರುವಗಳ ಜನರೇಟರಿನಿಂದ ಇದನ್ನು ಪಡೆಯಬೇಕಾದರೆ ಅದು ನಿಮಿಷಕ್ಕೆ 3000 ಸುತ್ತು ತಿರುಗಬೇಕು. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಲ್ಲಿ ಚಾಲನೆಗೆ ಬಂದ 210 ಮೆಗಾವಾಟಿನ ಮೊದಲ ಘಟಕವೂ ತಿರುಗುವುದು ಈ ವೇಗದಲ್ಲೇ. ಈಗ ಎಲ್ಲೋ ತಂತಿಯಲ್ಲಿ ದೋಷ ಉಂಟಾಗಿ ಬ್ರೇಕರು ತೆರೆದುಕೊಂಡಿತು ಎಂದಿಟ್ಟುಕೊಳ್ಳಿ. ಜನರೇಟರಿನ ಹೊರೆ ಕ್ಷಣಾರ್ಧದಲ್ಲಿ ಹೋಯಿತು. ಉಗಿ ಮಾತ್ರ ನುಗ್ಗುತ್ತಲೇ ಇದೆ. ಯಾರೂ ತಡೆಯದಿದ್ದರೆ ಹೆಚ್ಚುಕಡಿಮೆ ಒಂದೇ ಸೆಕೆಂಡಿನಲ್ಲಿ ವೇಗ ಶೇಕಡಾ 10ರಷ್ಟು ಏರುತ್ತದೆ. ಗುಂಡಿ ಒತ್ತಲು ಮನುಷ್ಯನ ಕೈ ಅಷ್ಟು ಬೇಗ ಮುಂದಾಗದು.

ಶೇಕಡಾ 10 ಅಂದರೆ ಅಂಥ ದೊಡ್ಡದೇನು ಎಂದು ನೀವು ಕೇಳಬಹುದು. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಬೀಸುವ ಕವಣೆಯನ್ನು ನೆನೆಯಿರಿ. ಬೀಸುವ ವೇಗವನ್ನು ಎರಡು ಪಟ್ಟು ಮಾಡಿದರೆ ಕಲ್ಲು ಹಗ್ಗವನ್ನು ಜಗ್ಗುವ ಬಲ ನಾಲ್ಕು ಪಟ್ಟಾಗುತ್ತದೆ. ನಿಮ್ಮ ಭೌತಶಾಸ್ತ್ರದ ಪುಸ್ತಕ ಹೇಳುವ ಕೇಂದ್ರಾಪಗಾಮಿ ಬಲ ಇದೇ. ಅದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಶೇಕಡಾ 10 ಹೆಚ್ಚಿದರೆ ಬಲ ಶೇಕಡಾ 21, ವೇಗ ಶೇಕಡಾ 20 ಹೆಚ್ಚಿದರೆ ಬಲ ಶೇಕಡಾ 44 ಹೆಚ್ಚುತ್ತದೆ. ದೊಡ್ಡ ಟರ್ಬೈನಿನ ಕೊನೆಯ ಸಾಲಿನ ಉದ್ದನೆಯ ಅಲಗುಗಳ ತುದಿ ನಿತ್ಯದ ಓಟದಲ್ಲೇ ಸೆಕೆಂಡಿಗೆ 400 ಮೀಟರಿಗೂ ಮಿಗಿಲಾದ ವೇಗದಲ್ಲಿ ಚಲಿಸುತ್ತಿರುತ್ತದೆ. ಗಾಳಿಯಲ್ಲಿ ಶಬ್ದದ ವೇಗವೇ ಸುಮಾರು 340 ಮೀಟರು! ಅಂಥ ಚಕ್ರ ಸಿಡಿದರೆ ಅದರ ಚೂರುಗಳು ಉಕ್ಕಿನ ಕವಚವನ್ನೂ ಹರಿದು ಹೊರಬರುತ್ತವೆ.

ವೇಗವನ್ನು ಹದದಲ್ಲಿಡುವ ಪ್ರಯತ್ನ ಹಳೆಯದು. ಲಂಡನ್ನಿನ ಆಲ್ಬಿಯನ್ ಗಿರಣಿಯಲ್ಲಿ ಬೀಸುಕಲ್ಲುಗಳ ನಡುವಿನ ಅಂತರವನ್ನು ಹೊಂದಿಸಲು ತಿರುಗುವ ಗುಂಡುಗಳ ಒಂದು ಸಾಧನ ಬಳಕೆಯಲ್ಲಿತ್ತು. 1788ರಲ್ಲಿ ಅದನ್ನು ಕಂಡ ಮ್ಯಾಥ್ಯೂ ಬೋಲ್ಟನ್ ತನ್ನ ಪಾಲುದಾರ ಜೇಮ್ಸ್ ವಾಟ್‌ಗೆ ಪತ್ರ ಬರೆದ. ವಾಟ್ ಅದನ್ನು ತನ್ನ ಉಗಿಯಂತ್ರಕ್ಕೆ ಅಳವಡಿಸಿದ. ವೇಗ ಏರಿದರೆ ಗುಂಡುಗಳು ಹೊರಕ್ಕೆ ಹಾರಿ ಉಗಿಯ ಕವಾಟವನ್ನು ಸ್ವಲ್ಪ ಮುಚ್ಚುತ್ತವೆ. ವೇಗ ಇಳಿದರೆ ಒಳಕ್ಕೆ ಬಂದು ಸ್ವಲ್ಪ ತೆರೆಯುತ್ತವೆ. ಇದೇ ಗವರ್ನರ್. ರಾಜಭವನದ ಗವರ್ನರಿಗೂ ಇದಕ್ಕೂ ಹೆಸರಿನ ನಂಟು ಉಂಟು. ಎರಡೂ ಪದಗಳ ಮೂಲ ಹಡಗಿನ ಚುಕ್ಕಾಣಿ ಹಿಡಿಯುವವನನ್ನು ಸೂಚಿಸುವ ಗ್ರೀಕ್ ಶಬ್ದ. ವಾಟ್ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. ಗಿರಣಿಯವರ ಸಾಧನ ತನ್ನದಲ್ಲವೆಂದು ಅವನಿಗೆ ಗೊತ್ತಿತ್ತು.

ವಾಟ್‌ನ ಯಂತ್ರಗಳು ನಿಧಾನಸ್ಥ ಯಂತ್ರಗಳು. ನೂರು ವರ್ಷಗಳ ಬಳಿಕ ಟರ್ಬೈನು ಬಂದಾಗ ಲೆಕ್ಕವೇ ಬದಲಾಯಿತು. 1884ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ ಕಟ್ಟಿದ ಮೊದಲ ಟರ್ಬೈನ್ ಜನರೇಟರು ನಿಮಿಷಕ್ಕೆ 18,000 ಸುತ್ತು ತಿರುಗಿತು. ಅದು ಕೊಟ್ಟದ್ದು ಸುಮಾರು 7.5 ಕಿಲೋವಾಟ್ ಮಾತ್ರ, ಇಂದಿನ ಒಂದು ಹತ್ತು ಅಶ್ವಶಕ್ತಿಯ ಪಂಪ್‌ಸೆಟ್ಟಿನಷ್ಟು. ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್‌ನ ಸಣ್ಣ ಟರ್ಬೈನುಗಳು 30,000 ಸುತ್ತಿನವರೆಗೂ ಹೋದವು. ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರಕ್ಕಾಗಿ ತಲೆ ಕೆಡಿಸಿಕೊಂಡವನು ಈತ. ಅತಿವೇಗದ ಅಪಾಯಕ್ಕೆ ಅವನ ಚಕ್ರಗಳಲ್ಲಿ ಇದ್ದ ಉಪಾಯವನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಚಕ್ರದ ಅಂಚಿಗೆ ತುಸು ಒಳಗೆ, ಎರಡೂ ಬದಿಯಲ್ಲಿ ಸುತ್ತಲೂ ಒಂದು ಗಾಡಿ ಕೊರೆದು, ಅಲ್ಲಿ ಚಕ್ರವನ್ನು ಬೇಕೆಂದೇ ತೆಳುವಾಗಿಸುತ್ತಿದ್ದರು. ವೇಗ ಮಿತಿಮೀರಿದರೆ ಚಕ್ರ ಮೊದಲು ಹರಿಯುವುದು ಅಲ್ಲಿಯೇ. ಅಂಚು ಸಣ್ಣ ಸಣ್ಣ ಚೂರಾಗಿ ಕವಚದೊಳಗೇ ಉಳಿಯುತ್ತದೆ. ಅಲಗುಗಳೇ ಇಲ್ಲವಾದ ಮೇಲೆ ಉಗಿ ತಳ್ಳುವುದಾದರೂ ಏನನ್ನು? ನಡುವಿನ ಭಾರವಾದ ಭಾಗ ಒಡೆಯದೆ ನಿಲ್ಲುತ್ತದೆ. ಒಡೆಯುವುದೇ ಆದರೆ ಎಲ್ಲಿ ಒಡೆಯಬೇಕೆಂದು ಮೊದಲೇ ತೀರ್ಮಾನಿಸಿದ ಜಾಣತನ ಇದು.

ದೊಡ್ಡ ಟರ್ಬೈನುಗಳಿಗೆ ಈ ಉಪಾಯ ಹೊಂದದು. ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ಪ್ರತಿ ಸಲ ಒಡೆಯಲು ಬಿಡಲಾದೀತೇ? 20ನೆಯ ಶತಮಾನದ ಮೊದಲ ದಶಕದ ಹೊತ್ತಿಗೆ, ನಿತ್ಯದ ಗವರ್ನರಿಗಿಂತ ಬೇರೆಯೇ ಆದ ಒಂದು ತುರ್ತು ಗವರ್ನರನ್ನು ಇಡುವ ರೂಢಿ ಬಂದಿತ್ತು. ಕೆಲವು ಯಂತ್ರಗಳಲ್ಲಿ ಅದು ದಂಡದ ಸುತ್ತಲಿನ ಓರೆತೂಕದ ಉಂಗುರ, ಇನ್ನು ಕೆಲವದರಲ್ಲಿ ದಂಡದೊಳಗೇ ಅಡಗಿ ಕುಳಿತ ಒಂದು ಬೋಲ್ಟು. ಈ ಬೋಲ್ಟಿನ ಸ್ವಭಾವವನ್ನು ಕೊಂಚ ನಿಂತು ನೋಡೋಣ.

ಟರ್ಬೈನಿನ ದಂಡಕ್ಕೆ ಅಡ್ಡಲಾಗಿ ಒಂದು ರಂಧ್ರ. ಅದರೊಳಗೆ ಹೆಬ್ಬೆರಳಿನಂಥ ಬೋಲ್ಟು. ಅದರ ತೂಕದ ಕೇಂದ್ರ ದಂಡದ ನಡುಗೆರೆಯಿಂದ ಕೂದಲೆಳೆಯಷ್ಟು ಆಚೆ. ಒಂದು ಸ್ಪ್ರಿಂಗು ಅದನ್ನು ಒಳಕ್ಕೆ ಹಿಡಿದಿದೆ. ವೇಗ 3000 ಇರುವಾಗ ಸ್ಪ್ರಿಂಗಿನದೇ ಮೇಲುಗೈ. ವೇಗ ಸುಮಾರು 3300ಕ್ಕೆ ಬಂದಾಗ ಕೇಂದ್ರಾಪಗಾಮಿ ಬಲ ಗೆಲ್ಲುತ್ತದೆ. ಬೋಲ್ಟು ಹೊರಕ್ಕೆ ಸರಿಯತೊಡಗುತ್ತದೆ. ಸರಿದಷ್ಟೂ ಅದು ನಡುಗೆರೆಯಿಂದ ದೂರವಾಗುತ್ತದೆ, ದೂರವಾದಷ್ಟೂ ಬಲ ಹೆಚ್ಚುತ್ತದೆ. ಹೀಗಾಗಿ ಅದು ಅರ್ಧದಲ್ಲಿ ನಿಲ್ಲುವುದಿಲ್ಲ. ಟಣ್ಣೆಂದು ಪೂರ್ತಿ ಹೊರಬಂದು ಪಕ್ಕದ ಸನ್ನೆಗೆ ಬಡಿಯುತ್ತದೆ. ಸನ್ನೆ ತಿರುಗಿದೊಡನೆ ಕವಾಟಗಳನ್ನು ತೆರೆದು ಹಿಡಿದಿದ್ದ ಎಣ್ಣೆಯ ಒತ್ತಡ ಇಳಿಯುತ್ತದೆ, ಬಲವಾದ ಸ್ಪ್ರಿಂಗುಗಳು ಕಣ್ಣು ಮಿಟುಕಿಸುವುದರೊಳಗೆ ಉಗಿಯ ದಾರಿಯನ್ನು ಮುಚ್ಚುತ್ತವೆ. ನಿತ್ಯದ ಗವರ್ನರು ಅಲುಗಾಡದೆ ಸ್ಥಿರವಾಗಿ ನಡೆಯಬೇಕು. ಅದು ಯಾವಾಗ ಸ್ಥಿರ, ಯಾವಾಗ ಅಸ್ಥಿರ ಎಂಬುದನ್ನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1868ರಲ್ಲೇ ಗಣಿತದಿಂದ ತೋರಿಸಿದ್ದ. ಬೋಲ್ಟಿನದು ತದ್ವಿರುದ್ಧ, ಅದು ಅಸ್ಥಿರವಾಗಿರಲೆಂದೇ ಮಾಡಿದ್ದು. ಇನ್ನೊಂದು ಸ್ವಾರಸ್ಯ ಗಮನಿಸಿ. ಚಕ್ರವನ್ನು ಒಡೆಯಬಲ್ಲ ಬಲವೇ ಬೋಲ್ಟನ್ನು ಎಬ್ಬಿಸುತ್ತದೆ. ಕಳ್ಳನ ಹೆಜ್ಜೆಯ ಸದ್ದಿಗೇ ಬಾಗಿಲ ಅಗುಳಿ ಬಿದ್ದಂತೆ.

ಕಾವಲು ಸಿಕ್ಕಿತಲ್ಲ, ಇನ್ನು ಚಿಂತೆಯಿಲ್ಲ ಎನ್ನುವಂತಿಲ್ಲ. ನಿತ್ಯದ ಗವರ್ನರು ದಿನವಿಡೀ ದುಡಿಯುವ ಆಳು. ಅದು ಕೆಟ್ಟರೆ ಆ ಗಳಿಗೆಯಲ್ಲೇ ತಿಳಿಯುತ್ತದೆ. ತುರ್ತು ಬೋಲ್ಟು ವರ್ಷಗಟ್ಟಲೆ ಸುಮ್ಮನೆ ಕೂತಿರುವ ಕಾವಲುಗಾರ. ಅವನು ಎಚ್ಚರವಾಗಿದ್ದಾನೋ, ಕೂತಲ್ಲೇ ಹೆಪ್ಪುಗಟ್ಟಿದ್ದಾನೋ ಹೊರಗಿನಿಂದ ಕಾಣುವುದಿಲ್ಲ. ಬೋಲ್ಟಿನ ಸುತ್ತ ಎಣ್ಣೆಯ ಜಿಡ್ಡು ಗಟ್ಟಿಯಾಗಬಹುದು. ಸುಮಾರು 540 ಡಿಗ್ರಿ ಸೆಲ್ಸಿಯಸ್ ಉಗಿಯಲ್ಲಿರುವ ಕವಾಟದ ಸರಳಿಗೆ ಲವಣವೂ ಕಿಟ್ಟವೂ ಹತ್ತಿ ಅದು ಬಿಗಿದುಕೊಳ್ಳಬಹುದು. ಮುಖ್ಯ ಕವಾಟ ಮುಚ್ಚಿದರೂ, ನೀರು ಕಾಯಿಸಲೆಂದು ಟರ್ಬೈನಿನ ನಡುವಿನಿಂದ ಸೆಳೆದ ಉಗಿ ಆ ಕೊಳವೆಗಳಿಂದ ಹಿಂದಕ್ಕೆ ನುಗ್ಗಬಹುದು. ಅದಕ್ಕಾಗಿ ಅಲ್ಲೂ ಒಮ್ಮುಖ ಕವಾಟಗಳು ಬೇಕು, ಅವೂ ಅಂಟಿಕೊಳ್ಳಬಾರದು. ಆದ್ದರಿಂದ ಉಳಿದಿರುವ ದಾರಿ ಒಂದೇ, ಆಗಾಗ ಪರೀಕ್ಷಿಸುವುದು. ಈ ಸಾಧನದ ಚರಿತ್ರೆಯಲ್ಲಿ ನನ್ನನ್ನು ಬಹಳವಾಗಿ ಕಾಡುವುದು ಈ ಪರೀಕ್ಷೆಯ ಭಾಗವೇ.

ನೇರವಾದ ಪರೀಕ್ಷೆ ಎಂದರೆ ಹೊರೆಯನ್ನು ತೆಗೆದು, ಟರ್ಬೈನಿನ ವೇಗವನ್ನು ಬೇಕೆಂದೇ ಏರಿಸಿ, ಬೋಲ್ಟು ಹಾರುತ್ತದೆಯೇ ಎಂದು ನೋಡುವುದು. ಇಂಗ್ಲೆಂಡಿನ ಹಿಂಕ್ಲಿ ಪಾಯಿಂಟ್ 'ಎ' ಅಣು ವಿದ್ಯುತ್ ಕೇಂದ್ರದಲ್ಲಿ 1969ರ ಸೆಪ್ಟೆಂಬರಿನಲ್ಲಿ ಇಂಥ ಪರೀಕ್ಷೆ ನಡೆಯುತ್ತಿತ್ತು. 87 ಮೆಗಾವಾಟಿನ ಟರ್ಬೈನು, ನಿತ್ಯದ ವೇಗ 3000. ವೇಗ 3200ರ ಸುಮಾರಿಗೆ ಬಂದಾಗ, ಬೋಲ್ಟು ಹಾರುವ ಮೊದಲೇ, ಕಡಿಮೆ ಒತ್ತಡದ ಭಾಗದ ಒಂದು ಚಕ್ರ ಸಿಡಿಯಿತು, ಯಂತ್ರ ಧ್ವಂಸವಾಯಿತು. ತನಿಖೆ ಮಾಡಿದಾಗ ಕಂಡದ್ದು, ಚಕ್ರವನ್ನು ದಂಡಕ್ಕೆ ಕೂಡಿಸುವ ಕೀಲಿಗಾಡಿಯಲ್ಲಿ ತೇವ ಮತ್ತು ಎಳೆತ ಸೇರಿ ಹುಟ್ಟಿಸಿದ, ಎರಡು ಮಿಲಿಮೀಟರೂ ಆಳವಿಲ್ಲದ ಬಿರುಕು. ಆ ಉಕ್ಕು ಅಷ್ಟು ಸಣ್ಣ ಬಿರುಕನ್ನೂ ತಾಳುವಷ್ಟು ಗಡುಸಾಗಿರಲಿಲ್ಲ. 3000ಕ್ಕೂ 3200ಕ್ಕೂ ನಡುವಣ ಅಂತರವನ್ನು ವರ್ಗದ ನಿಯಮದಿಂದ ನೀವೇ ಲೆಕ್ಕ ಹಾಕಿ. ಬಲ ಶೇಕಡಾ 14ರಷ್ಟು ಹೆಚ್ಚಿತ್ತು. ಅತಿವೇಗದಿಂದ ಕಾಪಾಡುವ ಸಾಧನವನ್ನು ಪರೀಕ್ಷಿಸಲು ಹೋಗಿ, ಆ ಸಾಧನದ ಮಿತಿಗೂ ಕೆಳಗಿನ ವೇಗದಲ್ಲೇ ಯಂತ್ರ ಹೋಯಿತು. ತಪ್ಪು ಸಾಧನದ್ದಲ್ಲ. ಆದರೆ ಇಂಥ ಪರೀಕ್ಷೆಯನ್ನು ಎಷ್ಟು ಸಲ ಮಾಡುವುದು ಒಳ್ಳೆಯದೆಂಬ ಪ್ರಶ್ನೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ.

ಹಾಗಾದರೆ ವೇಗ ಏರಿಸದೆಯೇ ಪರೀಕ್ಷಿಸಬಾರದೇ? ಅದಕ್ಕೂ ಉಪಾಯವಿದೆ. ಬೋಲ್ಟಿನ ಹಿಂಬದಿಗೆ ಒತ್ತಡದಿಂದ ಎಣ್ಣೆ ನುಗ್ಗಿಸಿದರೆ ನಿತ್ಯದ ವೇಗದಲ್ಲೇ ಅದು ಹೊರಬರುತ್ತದೆ. ಆದರೆ ಬೋಲ್ಟು ಹಾರಿದೊಡನೆ ಯಂತ್ರ ನಿಂತು ಊರು ಕತ್ತಲಾಗಬಾರದಲ್ಲ? ಅದಕ್ಕಾಗಿ ಪರೀಕ್ಷೆಯ ಹೊತ್ತಿನಲ್ಲಿ ಒಂದು ಹಿಡಿಕೆಯನ್ನು ಹಿಡಿದು ನಿಂತು, ಟ್ರಿಪ್ ಆಜ್ಞೆ ಕವಾಟಗಳಿಗೆ ಮುಟ್ಟದಂತೆ ತಡೆಯುತ್ತಾರೆ. ಅಂದರೆ ಕಾವಲುಗಾರನ ಕೈ ಹಿಡಿದುಕೊಂಡೇ ಅವನನ್ನು ಪರೀಕ್ಷಿಸಬೇಕು. ಆ ಕೆಲವು ನಿಮಿಷ ಬೇರೊಬ್ಬ ಕಾವಲುಗಾರ ಎಚ್ಚರವಾಗಿರಬೇಕು.

ಅಮೆರಿಕದ ನ್ಯೂಜೆರ್ಸಿಯ ಸೇಲಂ ಅಣು ವಿದ್ಯುತ್ ಕೇಂದ್ರದ ಎರಡನೆಯ ಘಟಕದಲ್ಲಿ 1991ರ ನವೆಂಬರ್ 9ರಂದು ಹೀಗೆಯೇ ಒಬ್ಬರು ಹಿಡಿಕೆ ಹಿಡಿದು ನಿಂತಿದ್ದರು. ಅಲ್ಲಿಯ ವಿದ್ಯುತ್ತು 60 ಆವರ್ತದ್ದು, ಜನರೇಟರಿಗೆ ನಾಲ್ಕು ಧ್ರುವ. ಹಾಗಾಗಿ ವೇಗ 1800 ಸುತ್ತು. ಪರೀಕ್ಷೆಯ ನಡುವೆ ಎಣ್ಣೆಯ ಒತ್ತಡ ಒಂದು ಕ್ಷಣ ಕುಸಿಯಿತು. ಟರ್ಬೈನು ನಿಂತಿತೆಂದು ತಿಳಿದ ವ್ಯವಸ್ಥೆ ರಿಯಾಕ್ಟರನ್ನು ನಿಲ್ಲಿಸಿತು, ಉಗಿಯ ಕವಾಟಗಳು ಮುಚ್ಚಿದವು, ಸ್ವಲ್ಪ ಹೊತ್ತಿನಲ್ಲಿ ಜನರೇಟರಿನ ಬ್ರೇಕರುಗಳೂ ತೆರೆದುಕೊಂಡವು. ಇಲ್ಲಿಯವರೆಗೆ ಎಲ್ಲವೂ ಕ್ರಮದಂತೆ. ಆದರೆ ಹಿಡಿಕೆ ಇನ್ನೂ ಕೈಯಲ್ಲೇ ಇತ್ತು. ಎಣ್ಣೆಯ ಒತ್ತಡ ಮರಳಿ ಬಂತು. ಮುಚ್ಚಿದ್ದ ಕವಾಟಗಳು ಮತ್ತೆ ತೆರೆದವು! ಈಗ ಉಗಿ ಇದೆ, ಹೊರೆ ಇಲ್ಲ.

ಇಂಥ ಹೊತ್ತಿಗೆಂದೇ ವಿದ್ಯುತ್ತಿನಿಂದ ನಡೆಯುವ ಮೂರು ಸಣ್ಣ ಸೊಲೆನಾಯ್ಡ್ ಕವಾಟಗಳು ಇದ್ದವು. ಅವು ಎಣ್ಣೆಯನ್ನು ಬೇರೆ ದಾರಿಯಿಂದ ಹೊರಬಿಡಬೇಕು. ಮೂರೂ ತುಕ್ಕು ಮತ್ತು ಕೊಳೆಯಿಂದ ಅಂಟಿಕೊಂಡಿದ್ದವು. ವೇಗ ಸುಮಾರು 2900ಕ್ಕೆ ಏರಿತು. ಅಲಗುಗಳು ಕವಚ ಹರಿದು ಹೊರಬಂದವು, ಜನರೇಟರನ್ನು ತಂಪಾಗಿಡುವ ಹೈಡ್ರೋಜನ್ನಿಗೆ ಬೆಂಕಿ ಹತ್ತಿತು. ಯಾರಿಗೂ ಗಾಯವಾಗಲಿಲ್ಲವೆಂಬುದು ಅದೃಷ್ಟವೆಂದೇ ಹೇಳಬೇಕು. ಘಟಕ ತಿಂಗಳುಗಟ್ಟಲೆ ನಿಂತಿತು.

ಪಕ್ಕದ ಮೊದಲ ಘಟಕದಲ್ಲಿ ಇಂಥದೇ ಕವಾಟಗಳು ಕೆಟ್ಟಿದ್ದು ಮೊದಲೇ ತಿಳಿದಿತ್ತು. ಎರಡನೆಯ ಘಟಕದಲ್ಲಿ ಅವನ್ನು ಬದಲಾಯಿಸುವ ಕೆಲಸವನ್ನು ಮುಂದಿನ ನಿಲುಗಡೆಗೆಂದು ಮುಂದೂಡಿದ್ದರು. ಅಪಘಾತಕ್ಕೆ ಮೂರು ವಾರ ಮೊದಲು ಯಂತ್ರವನ್ನು ಚಾಲನೆಗೆ ತರುವಾಗ ನಡೆಸಿದ ಒಂದು ಪರೀಕ್ಷೆಯೂ ಸರಿಯಾದ ಉತ್ತರ ಕೊಟ್ಟಿರಲಿಲ್ಲ. ಆದರೂ ಕೆಲಸ ಮುಂದುವರಿಯಿತು. ಅದಕ್ಕೆ ಕಾರಣ ಸೋಮಾರಿತನವೊಂದೇ ಎಂದು ನನಗನ್ನಿಸುವುದಿಲ್ಲ. ಸಾಮಾನ್ಯ ನಿಲುಗಡೆಗಳಲ್ಲೆಲ್ಲ ಯಾಂತ್ರಿಕ ದಾರಿಯೇ ಕವಾಟಗಳನ್ನು ಮುಚ್ಚಿ ಕೆಲಸ ಮುಗಿಸುತ್ತಿತ್ತು. ಹಿಂದೆ ನಿಂತ ಎರಡನೆಯ ಕಾವಲುಗಾರ ಸತ್ತಿದ್ದರೂ ಸುದ್ದಿಯಾಗುವಂತಿರಲಿಲ್ಲ. ಮೂರು ಕವಾಟ ಇಟ್ಟ ಮೇಲೆ ಮೂರೂ ಒಟ್ಟಿಗೆ ಕೆಡುತ್ತವೆಯೇ ಎಂಬ ಭರವಸೆಯೂ ಇತ್ತೇನೋ. ಆದರೆ ಮೂರಕ್ಕೂ ಹರಿಯುತ್ತಿದ್ದದ್ದು ಅದೇ ಎಣ್ಣೆ, ಮೂರಕ್ಕೂ ಹತ್ತಿದ್ದು ಅದೇ ಕೊಳೆ. 2011ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದ ಡುವ್ಹಾ ಕೇಂದ್ರದ 600 ಮೆಗಾವಾಟಿನ ನಾಲ್ಕನೆಯ ಘಟಕವೂ ಅತಿವೇಗದ ಪರೀಕ್ಷೆಯ ಹೊತ್ತಿನಲ್ಲೇ ಮಿತಿಮೀರಿ ಓಡಿ ಹಾಳಾಯಿತು.

ಇಂದಿನ ಹೊಸ ಟರ್ಬೈನುಗಳಲ್ಲಿ ಬೋಲ್ಟಿನ ಕೆಲಸವನ್ನು ಹೆಚ್ಚಾಗಿ ಎಲೆಕ್ಟ್ರಾನಿಕ್ಸ್ ವಹಿಸಿಕೊಂಡಿದೆ. ದಂಡದ ಮೇಲೆ ಹಲ್ಲುಗಳ ಚಕ್ರ, ಅದರ ಎದುರು ಮೂರು ಸಂವೇದಕಗಳು. ಮೂರರಲ್ಲಿ ಎರಡು 'ವೇಗ ಮೀರಿತು' ಎಂದರೆ ಟ್ರಿಪ್. ಒಂದೇ ಹೇಳಿದರೆ ಅದರಲ್ಲೇ ದೋಷವಿರಬಹುದೆಂದು ಎಚ್ಚರಿಕೆ ಮಾತ್ರ. ಯಂತ್ರ ಓಡುತ್ತಿರುವಾಗಲೇ ಒಂದೊಂದನ್ನು ಸರದಿಯಂತೆ ಪರೀಕ್ಷಿಸಬಹುದು, ಉಳಿದೆರಡು ಕಾವಲಿಗಿರುತ್ತವೆ. ಆದರೆ ಕೊನೆಗೆ ಉಗಿಯನ್ನು ತಡೆಯುವುದು ವಿದ್ಯುತ್ ಸಂಕೇತವಲ್ಲ, ಸರಿದು ಮುಚ್ಚಬೇಕಾದ ಉಕ್ಕಿನ ಕವಾಟ. ಅದಕ್ಕೆ ಲವಣ ಹತ್ತುವುದು ಈಗಲೂ ತಪ್ಪಿಲ್ಲ. ಅದಕ್ಕಾಗಿಯೇ ಕವಾಟಗಳನ್ನು ಕಾಲಕಾಲಕ್ಕೆ ತುಸು ಮುಚ್ಚಿ ತೆರೆದು, ಮೈ ಹಗುರ ಮಾಡಿಸಿದಂತೆ, ಅಲುಗಾಡಿಸುವ ಪದ್ಧತಿ ಉಳಿದುಕೊಂಡಿದೆ.

ಕಾಲೇಜಿನ ಪ್ರವಾಸದಲ್ಲಿ ನೀವೊಂದು ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ ಹೋದರೆ ಎಷ್ಟು ಮೆಗಾವಾಟು, ಎಷ್ಟು ಟನ್ನು ಕಲ್ಲಿದ್ದಲು ಎಂದು ಕೇಳುವುದು ಇದ್ದೇ ಇದೆ. ಟರ್ಬೈನಿನ ಮುಂತುದಿಯ ಬೇರಿಂಗ್ ಪೆಟ್ಟಿಗೆಯ ಬಳಿ ಒಂದು ಗಳಿಗೆ ನಿಂತು, ಅತಿವೇಗದ ಟ್ರಿಪ್ಪನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ, ಅಂದು ಅದು ಎಷ್ಟು ವೇಗದಲ್ಲಿ ಎಚ್ಚೆತ್ತಿತು ಎಂದೂ ಕೇಳಿ ನೋಡಿ. ಅಲ್ಲಿನ ಎಂಜಿನಿಯರು ದಾಖಲೆ ಪುಸ್ತಕ ತೆರೆದು ದಿನಾಂಕವನ್ನೂ ಅಂಕಿಯನ್ನೂ ತೋರಿಸುತ್ತಾರೆ.