ಕಾಲ್ಚೆಂಡಿನ ಅಂಗಳದಿಂದ ಕಂದಕಕ್ಕೆ: ವಾಲ್ಟರ್ ಟಲ್

ಮೊದಲ ಮಹಾಯುದ್ಧದ ಕಾಲಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲ್ಲೂಕುಗಳೆಲ್ಲ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿದ್ದವು. ಈ ಕಡೆಯ ಒಬ್ಬ ರೈತನ ಮಗ ಪಲ್ಟನ್ ಸೇರಿದರೆ, ಎಷ್ಟೇ ಶೂರನಾದರೂ ಸುಬೇದಾರ್ ಮೇಜರ್ ಹುದ್ದೆಯೇ ಅವನಿಗೆ ಕೊನೆಯ ಮೆಟ್ಟಿಲು. ನಿನ್ನೆ ಮೊನ್ನೆ ಬಂದ ಬಿಳಿಯ ಲೆಫ್ಟಿನೆಂಟನಿಗೂ ಅವನು ಸಲಾಮು ಹೊಡೆಯಬೇಕಿತ್ತು. ಬ್ರಿಟನ್ನಿನೊಳಗೂ ಕಪ್ಪುವರ್ಣೀಯರ ಪಾಲಿಗೆ ಇಂಥದೇ ಒಂದು ಅಡ್ಡಗೋಡೆ ಇತ್ತು. ಅದನ್ನು ದಾಟಿದವರಲ್ಲಿ ಒಬ್ಬರು ಕಾಲ್ಚೆಂಡಿನ ಆಟಗಾರ ವಾಲ್ಟರ್ ಟಲ್.

1888ರ ಏಪ್ರಿಲ್ 28ರಂದು ಫೋಕ್‌ಸ್ಟೋನ್‌ನಲ್ಲಿ ಹುಟ್ಟಿದ ಟಲ್ ಅವರ ತಂದೆ ಬಾರ್ಬಡೋಸ್‌ನಿಂದ ಬಂದ ಬಡಗಿ, ತಾಯಿ ಕೆಂಟ್ ಪ್ರಾಂತದವರು. ಇಬ್ಬರೂ ಬೇಗ ತೀರಿಕೊಂಡರು. ಹುಡುಗ ಲಂಡನ್ನಿನ ಅನಾಥಾಶ್ರಮದಲ್ಲಿ ಬೆಳೆದ. 1909ರಲ್ಲಿ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಕ್ಲಬ್ ಕೈಬೀಸಿ ಕರೆಯಿತು. ಅದೇ ವರ್ಷ ಬ್ರಿಸ್ಟಲ್‌ನ ಪಂದ್ಯದಲ್ಲಿ ಪ್ರೇಕ್ಷಕರ ಒಂದು ಗುಂಪು ಅವರ ಬಣ್ಣ ಹಿಡಿದು ಬೈದದ್ದು ಎಷ್ಟು ಹೊಲಸಾಗಿತ್ತೆಂದರೆ, ಪತ್ರಿಕಾ ವರದಿಗಾರನೊಬ್ಬ ಅದನ್ನು ಬರೆದು ಖಂಡಿಸಿದ. ಕ್ಲಬ್ ಮಾತ್ರ ಟಲ್ ಅವರನ್ನು ಬರಬರುತ್ತ ಮೀಸಲು ತಂಡಕ್ಕೆ ಸರಿಸಿತು! 1911ರಲ್ಲಿ ನಾರ್ಥಾಂಪ್ಟನ್ ಟೌನ್ ತಂಡ ಅವರನ್ನು ತೆಗೆದುಕೊಂಡಿತು. ಅಲ್ಲಿ ನೂರಕ್ಕೂ ಹೆಚ್ಚು ಪಂದ್ಯಗಳನ್ನು ಆಡಿದರು.

1914ರ ಡಿಸೆಂಬರಿನಲ್ಲಿ ಫುಟ್‌ಬಾಲ್ ಆಟಗಾರರಿಗಾಗಿಯೇ ಒಂದು ಪಡೆ ಎದ್ದಿತು: ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೇ ಬೆಟಾಲಿಯನ್. ದೇಶ ಹೊತ್ತಿ ಉರಿಯುವಾಗ ಇವರು ಚೆಂಡು ಒದೆಯುತ್ತಿದ್ದಾರೆ ಎಂಬ ಟೀಕೆಗೆ ಅದೇ ಉತ್ತರ. ಆ ತಿಂಗಳೇ ಸೇರಿದ ಟಲ್ ಸಾರ್ಜೆಂಟ್ ಆದರು, 1916ರಲ್ಲಿ ಸೋಮ್ ಕಾಳಗ ಕಂಡರು.

ಕಪ್ಪುವರ್ಣೀಯರು ಸೈನಿಕರ ಮೇಲೆ ಅಧಿಕಾರ ನಡೆಸಕೂಡದು ಎಂಬುದು 1914ರ ಸೇನಾ ಕಾನೂನು ಕೈಪಿಡಿಯ ಧೋರಣೆ. ಆದರೂ 1917ರ ಮೇ 30ರಂದು ಟಲ್ ಸೆಕೆಂಡ್ ಲೆಫ್ಟಿನೆಂಟ್ ಆದರು. ಅವರನ್ನೇ ‘ಮೊದಲ ಕಪ್ಪು ಅಧಿಕಾರಿ’ ಎಂದು ಬರೆಯುವ ರೂಢಿ ಇದೆ. ಅದು ನಿಲ್ಲುವ ಮಾತಲ್ಲ. ಜಮೈಕಾ ಮೂಲದ ಜಾರ್ಜ್ ಬೆಮಂಡ್ 1915ರಲ್ಲೇ ಫಿರಂಗಿದಳದ ಅಧಿಕಾರಿಯಾಗಿದ್ದರು. ಕಂದಕಗಳಲ್ಲಿ ಅಧಿಕಾರಿಗಳು ದಿನವೂ ಸಾಯುತ್ತಿದ್ದಾಗ ಕೈಪಿಡಿಯ ಸಾಲು ಸಡಿಲಾಯಿತು ಎನ್ನುವುದೇ ಹೆಚ್ಚು ಸರಿ. ಭಾರತೀಯರಿಗೂ ಕಿಂಗ್ಸ್ ಕಮಿಷನ್, ಅಂದರೆ ಬಿಳಿಯರಿಗೆ ಸಮನಾದ ಅಧಿಕಾರಿ ಪದವಿ, ದೊರೆತದ್ದು 1917ರ ಆಗಸ್ಟ್‌ನಲ್ಲಿ, ಬರೀ ಒಂಬತ್ತು ಮಂದಿಗೆ. ಕೊಡಗಿನ ಕಾರ್ಯಪ್ಪನವರಿಗೆ ಅದು ಸಿಕ್ಕಿದ್ದು 1919ರಲ್ಲಿ.

ಇಟಲಿಯ ಪಿಯಾವೆ ನದಿ ದಾಟಿ ಶತ್ರುನೆಲೆಯ ಮೇಲೆ ದಾಳಿಗೆ ಕರೆದೊಯ್ದಿದ್ದ ತಮ್ಮ ತುಕಡಿಯನ್ನು ಟಲ್ ಒಬ್ಬರಿಗೂ ಗಾಯವಾಗದಂತೆ ಮರಳಿ ತಂದರು. ಜನರಲ್ ಲಾಫರ್ಡ್ ಅವರ ಧೈರ್ಯವನ್ನೂ ಸಮಾಧಾನವನ್ನೂ ಹೊಗಳಿದರು. ಮಿಲಿಟರಿ ಕ್ರಾಸ್‌ಗೆ ಶಿಫಾರಸಾಗಿದೆ ಎಂದು ಜೊತೆಯ ಅಧಿಕಾರಿಯೊಬ್ಬ ಟಲ್ ಅವರ ಅಣ್ಣ ಎಡ್ವರ್ಡ್‌ಗೆ ಪತ್ರ ಬರೆದ; ಪದಕ ಬರಲಿಲ್ಲ.

1918ರ ಮಾರ್ಚ್ 25ರಂದು ಫ್ರಾನ್ಸಿನ ಫಾವ್ರೇಯ್ ಬಳಿ ಜರ್ಮನರ ಗುಂಡಿಗೆ ಟಲ್ ಬಿದ್ದರು. ಲೆಸ್ಟರ್ ತಂಡದ ಗೋಲ್‌ಕೀಪರ್ ಆಗಿದ್ದ ಟಾಮ್ ಬಿಲ್ಲಿಂಗ್‌ಹ್ಯಾಮ್ ದೇಹವನ್ನು ಎಳೆದು ತರಲು ನೋಡಿದ. ಗುಂಡಿನ ಮಳೆಯಲ್ಲಿ ಆಗಲಿಲ್ಲ. ಅರಾಸ್‌ನ ಸ್ಮಾರಕದ ಗೋಡೆಯಲ್ಲಿ, ಸಮಾಧಿ ಇಲ್ಲದವರ ಸಾವಿರಾರು ಹೆಸರುಗಳ ನಡುವೆ ಅವರ ಹೆಸರೂ ಕೆತ್ತಿದೆ.